ಪೊಡಿಹಾಮಿಯ ಉಪ್ಪು

ರಮ್ಯಲತಾ ಕಡ್ಡಿ ಗೀರುವಷ್ಟರಲ್ಲಿ ಪಕ್ಕದ ಮನೆಯ ಎಮಲಿನ್ ಬಂದು ಬೆಂಕಿಪೊಟ್ಟಣ ಕಿತ್ತುಕೊಂಡಳು.

“ಏನೇ ಮಾಡ್ತಿದ್ದೀಯ? ಅಮ್ಮ ಇನ್ನೂ ನಡುಮನೇಲಿ ಮಲಗಿದಾಳೆ. ಒಲೆ ಹಚ್ಚೋಕೆ ಹೊರಟೆಯಲ್ಲ!”

“ತಲೆ ಸಿಡೀತಿದೆ ಅತ್ತೆ. ಒಂದು ಲೋಟ ಟೀ ಅಂತ...”

“ಟೀ ನಮ್ಮನೇಲಿ ಕಾಯ್ತಿದೆ. ಹೆಣ ಹೊಸಿಲು ದಾಟೋವರೆಗೆ ಈ ಒಲೆಗೆ ಬೆಂಕಿ ಇಲ್ಲ. ಕಾರ್ಖಾನೆಗೆ ಹೋಗಿ ಅದನ್ನೂ ಮರೆತ್ಯಾ?”

ಮರೆತಿರಲಿಲ್ಲ. ಎರಡು ರಾತ್ರಿ ನಿದ್ದೆಯಿಲ್ಲದ ಕೈ ತಾನಾಗಿಯೇ ಒಲೆಯ ಕಡೆ ಹೋಗಿತ್ತು, ಅಷ್ಟೆ. ಮೂರು ಕಲ್ಲುಗಳ ನಡುವೆ ಬೂದಿ ತಣ್ಣಗೆ ಬಿದ್ದಿತ್ತು. ನಿನ್ನೆ ಹೊಸ ವರ್ಷ. ಒಳ್ಳೆಯ ಗಳಿಗೆ ನೋಡಿ ಊರಿನ ಎಲ್ಲ ಮನೆಗಳಲ್ಲೂ ಒಲೆ ಹಚ್ಚಿ ಹಾಲು ಉಕ್ಕಿಸಿದ್ದರು. ಕೆರೆಯಾಚೆ ಪಟಾಕಿ ಕೇಳಿಸಿತ್ತು. ಈ ಮನೆಯವರು ಮಾತ್ರ ಶವಪೆಟ್ಟಿಗೆಯ ಸುತ್ತ ಕೂತು ಅದನ್ನು ಕೇಳಿಸಿಕೊಂಡಿದ್ದರು.

ಅಡುಗೆಮನೆ ಮಾತ್ರ ಹಬ್ಬಕ್ಕೆ ಸಿದ್ಧವಾದಂತೆಯೇ ಇತ್ತು. ಸುಲಿದ ಹನ್ನೆರಡು ತೆಂಗಿನಕಾಯಿ ಸಾಲಾಗಿ ಕೂತಿದ್ದವು. ಕೇರಿ ಆರಿಸಿಟ್ಟ ಕೆಂಪಕ್ಕಿಯ ಮೇಲೆ ಮೊರ ಮುಚ್ಚಿತ್ತು. ಭಿಕ್ಷುಗಳ ಆಸನಕ್ಕೆ ಹಾಸುವ ಬಿಳಿ ಬಟ್ಟೆ ಒಗೆದು ಮಡಿಚಿಟ್ಟಿತ್ತು. ಮೂಲೆಯಲ್ಲಿ ಒಂದು ದೊಡ್ಡ ಸಿಹಿಗುಂಬಳ, ಅದರ ಒಂದು ಮಗ್ಗುಲಿಗೆ ಮಣ್ಣು ಮೆತ್ತಿಕೊಂಡಿತ್ತು. ಅದನ್ನು ಹಿತ್ತಲಿನಿಂದ ಹೊತ್ತು ತರುವಾಗಲೇ ಮೊನ್ನೆ ಅಮ್ಮ ಪೊಡಿಹಾಮಿ ಕುಸಿದು ಬಿದ್ದದ್ದು. ಹಬ್ಬದ ಮೂರನೆಯ ದಿನ, ಅಂದರೆ ನಾಳೆ, ಮನೆಗೆ ಊಟಕ್ಕೆ ಬನ್ನಿ ಎಂದು ಅವಳು ಮೊದಲೇ ವಿಹಾರಕ್ಕೆ ಹೋಗಿ ಮೂವರು ಭಿಕ್ಷುಗಳನ್ನು ಕರೆದು ಬಂದಿದ್ದಳು.

ನಲವತ್ತು ವರ್ಷ ಊರಿನವರ ಮನೆಗಳಲ್ಲಿ ದಾನದ, ಅಂದರೆ ಭಿಕ್ಷುಗಳಿಗೆ ಬಡಿಸುವ, ಅಡುಗೆ ಮಾಡಿದವಳು. ಅವಳ ಸ್ವಂತ ಮನೆಯಲ್ಲಿ ಅದು ಮೊದಲನೆಯ ದಾನವಾಗಬೇಕಿತ್ತು.

*

ಪ್ರತಿ ಏಪ್ರಿಲ್‌ನಲ್ಲೂ ಅದೇ ಮಾತು. ರಮ್ಯಲತಾ ಸಮುದ್ರದ ಕಡೆಯ ಹೊಲಿಗೆ ಕಾರ್ಖಾನೆಯಿಂದ ಕಿಕ್ಕಿರಿದ ಬಸ್ಸಿನಲ್ಲಿ ಏಳು ಗಂಟೆ ನಿಂತು ಬರುತ್ತಿದ್ದಳು. ವೀಳ್ಯದೆಲೆ ಕೊಟ್ಟು ಅಮ್ಮನ ಕಾಲಿಗೆ ಬೀಳುತ್ತಿದ್ದಳು, ತಂದ ಸೀರೆ ಕೈಗಿಡುತ್ತಿದ್ದಳು, ಚಾಪೆ ಹಾಸಿ ಮಲಗುತ್ತಿದ್ದಳು.

“ಈ ಸಲ ಒಂದು ದಾನ ಕೊಡೋಣ್ವೇನೇ? ನೀನೂ ಇದ್ದೀಯ.”

“ನಾನು ಬರೋದೇ ನಾಲ್ಕು ದಿನ ಅಮ್ಮ. ಅದರಲ್ಲೂ ಒಲೆ ಮುಂದೆ ಕೂರಿಸ್ತೀಯಾ? ಮಲಗೋಕೆ ಬಿಡು.”

“ಮಲಗು ಮಲಗು,” ಎಂದು ಪೊಡಿಹಾಮಿ ಕಾಲ ಬಳಿ ಕೂತು ಸೊಳ್ಳೆ ಓಡಿಸುತ್ತಿದ್ದಳು. ಅಷ್ಟರಲ್ಲಿ ಬೇರೆ ಯಾರದೋ ಮನೆಯಿಂದ ಕರೆ ಬರುತ್ತಿತ್ತು. ಸೌಟು ಸೆರಗಿಗೆ ಸಿಕ್ಕಿಸಿಕೊಂಡು ಹೊರಡುತ್ತಿದ್ದಳು.

ಈ ವರ್ಷ ಫೋನಿನಲ್ಲಿ ಮಗಳೇ ಹೇಳಿದಳು: “ಆಗಲಿ ಅಮ್ಮ, ಈ ಸಲ ಕೊಡೋಣ.”

“ಸಿಹಿಗುಂಬಳ ನೀನೇ ಮಾಡಬೇಕು,” ಎಂದಳು ಪೊಡಿಹಾಮಿ.

“ಅದ್ಯಾಕೆ ನಾನೇ?”

“ಯಾಕೆ ಅಂತ ನಿನಗೇ ಗೊತ್ತು.”

*

ಅಂಗಳದ ಚಪ್ಪರದಡಿ ಗಂಡಸರು ಎಲೆ ಅಡಿಕೆ ಮೆಲ್ಲುತ್ತಿದ್ದರು. ಬಿಸಿಲಿಗೆ ಸಾವಿನ ಬಿಳಿ ಬಾವುಟಗಳು ಅಲ್ಲಾಡದೆ ಜೋತುಬಿದ್ದಿದ್ದವು. ಎಮಲಿನ್ ಟೀ ತಟ್ಟೆ ಹಿಡಿದು ಬಂದಳು. ಹಿಂದೆ ರಮ್ಯಲತಾ ಬಿಸ್ಕತ್ತು ಹಿಡಿದಿದ್ದಳು.

“ಕೈ ಅಂದರೆ ಪೊಡಿಹಾಮೀದು,” ಎಂದ ಕಿರಿಬಂಡಾ ಮಾವ, ಸತ್ತವಳ ತಮ್ಮ. “ದಾನದ ಅಡುಗೇನ ಭಿಕ್ಷುಗಳು ಉಣ್ಣೋ ಮುಂಚೆ ನಾಲಗೆಗೆ ಇಡೋ ಹಾಗಿಲ್ಲ. ಆದರೂ ಉಪ್ಪು ಖಾರ ತೂಕ ಮಾಡಿದ ಹಾಗೆ ಇರ್ತಿತ್ತು.”

“ಒಂದು ಸಲ ಬಿಟ್ಟು,” ಎಂದಳು ಎಮಲಿನ್.

ಗಂಡಸರೆಲ್ಲ ನಕ್ಕರು. ಸಾವಿನ ಮನೆಯಲ್ಲಿ ಎರಡು ದಿನ ಕೂತು ದಣಿದವರ ನಗು.

“ಊರ ಯಜಮಾನ ಆರಚ್ಚಿ ಮನೇಲಿ! ಸಿಹಿಗುಂಬಳಕ್ಕೆ ಸಮುದ್ರಾನೇ ಸುರಿದುಬಿಟ್ಟಿದ್ದಳು. ನಾಯಿಗೆ ಹಾಕಿದರೆ ನಾಯೀನೂ ಕೆರೆಗೆ ಓಡಿತು ನೀರಿಗೆ,” ಎಂದ ಮಾವ.

“ಆಮೇಲೆ ಮೂವತ್ತು ವರ್ಷ ನಾನು ಅವಳನ್ನ ‘ಉಪ್ಪಕ್ಕ’ ಅಂತಾನೇ ಕರೆದೆ. ಒಂದು ದಿನಾನೂ ತಿರುಗಿ ಬೈಲಿಲ್ಲ,” ಎಂದಳು ಎಮಲಿನ್.

ರಮ್ಯಲತಾ ಬಿಸ್ಕತ್ತಿನ ತಟ್ಟೆಯನ್ನು ಬೆಂಚಿನ ಮೇಲಿಟ್ಟು ಒಳಗೆ ಹೋದಳು.

*

ಅವಳಿಗೆ ಆಗ ಒಂಬತ್ತು. ಆರಚ್ಚಿಯ ಮನೆಯ ಹಿತ್ತಲಲ್ಲಿ ಹದಿನೈದು ಭಿಕ್ಷುಗಳಿಗೆ ಅಡುಗೆ. ದೂರದಲ್ಲಿ ಡೋಲು ಕೇಳುತ್ತಿತ್ತು, ಭಿಕ್ಷುಗಳು ಕೆರೆ ಏರಿಯ ಮೇಲೆ ಬರುತ್ತಿದ್ದರು. ಬೆಳಗಿನಿಂದ ಏನೂ ತಿಂದಿರಲಿಲ್ಲ. ತೆಂಗಿನ ಹಾಲಿನಲ್ಲಿ ಬೆಂದ ಸಿಹಿಗುಂಬಳದ ವಾಸನೆಗೆ ತಡೆಯಲಾರದೆ ಅವಳು ಸೌಟು ಎತ್ತಿ ನೆಕ್ಕಿ, ಮತ್ತೆ ಪಾತ್ರೆಗೇ ಇಟ್ಟಳು.

ತಿರುಗಿ ನೋಡಿದರೆ ಅಮ್ಮ ನಿಂತಿದ್ದಳು. ಬೇರೆ ಯಾರೂ ನೋಡಿರಲಿಲ್ಲ.

ಪೊಡಿಹಾಮಿ ಹೊಡೆಯಲಿಲ್ಲ, ಬೈಯಲಿಲ್ಲ. ಒಮ್ಮೆ ಮಗಳ ಮುಖ ನೋಡಿದಳು. ಉಪ್ಪಿನ ಕರಟಕ್ಕೆ ಕೈ ಹಾಕಿ ಒಂದು ಮುಷ್ಟಿ, ಅದರ ಮೇಲೆ ಇನ್ನೊಂದು ಮುಷ್ಟಿ ಪಾತ್ರೆಗೆ ಸುರಿದು ಕಲಕಿದಳು. ಆಮೇಲೆ ಅಂಗಳಕ್ಕೆ ಕೇಳುವಂತೆ ಕೂಗಿದಳು:

“ಅಯ್ಯೋ, ಕೈ ತಪ್ಪಿ ಉಪ್ಪು ಬಿದ್ದುಹೋಯ್ತಲ್ಲ! ಸಿಹಿಗುಂಬಳ ಬಡಿಸಬೇಡಿ, ಆಚೆಗಿಡಿ!”

ಮನೆಗೆ ನಡೆದು ಬರುವಾಗ ಅವಳು ಅದರ ಸುದ್ದಿ ಎತ್ತಲಿಲ್ಲ. ಆ ದಿನವೂ, ಆಮೇಲೂ.

*

ಮಧ್ಯಾಹ್ನ ಮೂರಕ್ಕೆ ಭಿಕ್ಷುಗಳು ಬಂದರು. ಪೆಟ್ಟಿಗೆಯ ಮೇಲಿನ ಬಿಳಿ ಬಟ್ಟೆಯನ್ನು ಅವರಿಗೆ ಅರ್ಪಿಸಿದ್ದಾಯಿತು. ರಮ್ಯಲತಾ ಮತ್ತು ಅವಳ ಅಣ್ಣ ವಿಮಲಸೇನ ಚಾಪೆಯ ಮೇಲೆ ಕೂತು, ಒಂದೇ ಹೂಜಿಗೆ ಇಬ್ಬರೂ ಕೈ ಹಚ್ಚಿ, ಬಟ್ಟಲು ತುಂಬಿ ಹೊರಚೆಲ್ಲುವವರೆಗೆ ನೀರು ಎರೆದರು. ತಾವು ಗಳಿಸಿದ ಪುಣ್ಯ ಹೋದವಳಿಗೆ ಸೇರಲಿ ಎಂದು ಹಿರಿಯ ಭಿಕ್ಷು ಪಠಿಸಿದರು.

ಅವರು ಏಳುವಾಗ ವಿಮಲಸೇನ ಕೈಮುಗಿದ. “ಭಂತೇ, ನಾಳೆ ಅಮ್ಮ ಕರೆದಿದ್ದರಲ್ಲ, ಅದು ಬೇಡ ಅಂದುಕೊಂಡಿದ್ದೀವಿ. ಏಳನೇ ದಿನದ ದಾನಕ್ಕೆ ಪಟ್ಟಣದಿಂದ ಅಡುಗೆ ತರಿಸ್ತೀನಿ.”

“ನಿಮ್ಮ ಅನುಕೂಲ,” ಎಂದರು ಭಿಕ್ಷು.

“ಏಳನೇ ದಿನ ನಾನಿರಲ್ಲ ಅಣ್ಣ,” ಎಂದಳು ರಮ್ಯಲತಾ. “ನಾಡಿದ್ದು ಹೋಗಲೇಬೇಕು.”

“ಅದಕ್ಕೇನೀಗ? ನಿನ್ನ ಹೆಸರಲ್ಲೂ ಪುಣ್ಯ ಬರುತ್ತೆ.”

“ನಾಳೇದು ನಡೀಲಿ. ಅಮ್ಮ ಬಾಯಿಬಿಟ್ಟು ಕರೆದದ್ದು. ಅಡುಗೆ ನಾನು ಮಾಡ್ತೀನಿ.”

“ನೀನಾ?” ವಿಮಲಸೇನ ತಂಗಿಯನ್ನು ಮೇಲಿಂದ ಕೆಳಗೆ ನೋಡಿದ. “ಮೂರು ಹೊತ್ತೂ ಕ್ಯಾಂಟೀನಲ್ಲಿ ಉಣ್ಣೋಳು. ಅದೂ ರುಚಿ ನೋಡದೆ! ಭಂತೇಯವರ ಹೊಟ್ಟೆ ಮೇಲೆ ಯಾಕಮ್ಮ ನಿನಗೆ ಕೋಪ?”

ಹಿರಿಯ ಭಿಕ್ಷು ಛತ್ರಿ ಬಿಚ್ಚಿದರು. “ಬಟ್ಟಲಿಗೆ ಬಿದ್ದದ್ದನ್ನು ಉಣ್ಣೋರು ನಾವು. ಹನ್ನೊಂದಕ್ಕೆ ಬರ್ತೀವಿ,” ಎಂದು ಮೆಟ್ಟಿಲಿಳಿದರು.

ಪೆಟ್ಟಿಗೆ ಮುಚ್ಚುವ ಮೊದಲು ಮನೆಯವರು ಒಬ್ಬೊಬ್ಬರಾಗಿ ಕಾಲು ಮುಟ್ಟಿದರು. ಪೊಡಿಹಾಮಿಯ ಕೈಗಳಿಗೆ ಬಿಳಿ ಗವಸು ತೊಡಿಸಿದ್ದರು. ಅಷ್ಟು ಬೆಳ್ಳಗೆ ಆ ಕೈಗಳನ್ನು ಯಾರೂ ನೋಡಿರಲಿಲ್ಲ. ರಮ್ಯಲತಾ ತನ್ನ ಕೈಯನ್ನು ಮುಷ್ಟಿ ಮಾಡಿ ಗವಸಿನ ಪಕ್ಕಕ್ಕಿಟ್ಟು ನೋಡಿದಳು. ಎಷ್ಟು ಉಪ್ಪು ಎಂದು ಕೇಳಿದಾಗಲೆಲ್ಲ “ಪಾತ್ರೆಗೆ ಒಂದು ಮುಷ್ಟಿ. ನಿನ್ನದಲ್ಲ, ನನ್ನದು” ಎನ್ನುತ್ತಿದ್ದಳು ಅಮ್ಮ. ತನ್ನದು ದೊಡ್ಡದೋ ಚಿಕ್ಕದೋ ತಿಳಿಯುವ ಮುಂಚೆ ಎಮಲಿನ್ ಹೆಗಲು ಹಿಡಿದು ಎಬ್ಬಿಸಿದಳು. ಮುಚ್ಚಳ ಬಿತ್ತು.

*

ಮಣ್ಣು ಮುಗಿಸಿ ಬಂದವರು ಕೈಕಾಲು ತೊಳೆದು ಒಬ್ಬೊಬ್ಬರೇ ಎದ್ದರು. ಸಾವಿನ ಮನೆಯಿಂದ ಹೋಗಿಬರುತ್ತೇನೆ ಎನ್ನುವಂತಿಲ್ಲ. ಕುರ್ಚಿ ಸರಿಸಿದ ಸದ್ದು, ಚಪ್ಪಲಿಯ ಸದ್ದು, ಅಷ್ಟೆ. ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿರುವಾಗಲೇ ಎಮಲಿನ್ ತನ್ನ ಮನೆಯಿಂದ ಹೆರೆಮಣೆ ತಂದು ಅಡುಗೆಮನೆಯಲ್ಲಿ ಕೂತಳು.

“ಏಳೋಕೆ ಆಗಲ್ಲ ಅಂದರೂ ಏಳಬೇಕು. ಕಾಯಿ ಹೆರೀದೆ ದಾನ ಎಲ್ಲಿಂದ? ಮೊದಲು ಆ ಒಲೆ ಹಚ್ಚು. ಈಗ ಹಚ್ಚಬಹುದು. ಸಿಹಿಗುಂಬಳ ನನಗೆ ಬಿಡು. ನಿಮ್ಮಮ್ಮನ ಹಾಗೆ ಉಪ್ಪು ಸುರಿದೀಯ ಮತ್ತೆ.”

“ಅಮ್ಮ ಕೈ ತಪ್ಪಿ ಸುರೀಲಿಲ್ಲ ಅತ್ತೆ.”

ರಮ್ಯಲತಾ ಒಲೆಗೆ ತೆಂಗಿನ ಗರಿ ತುರುಕುತ್ತ, ಮುಖ ತಿರುಗಿಸದೆ ಹೇಳಿದಳು. ಸೌಟು ನೆಕ್ಕಿದ್ದು. ಎರಡು ಮುಷ್ಟಿ. ನಾಯಿ ಕೆರೆಗೆ ಓಡಿದ್ದು ಯಾಕೆ ಅಂತ.

ಹೆರೆಮಣೆಯ ಸದ್ದು ನಿಂತಿತು. ಹಸಿ ಗರಿ ಹೊಗೆಯಾಡಿ, ಆಮೇಲೆ ಹತ್ತಿಕೊಂಡಿತು. ಎಮಲಿನ್ ಅರ್ಧ ಹೆರೆದ ಹೋಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ಮೂವತ್ತು ವರ್ಷ,” ಎಂದಳು.

ಆಮೇಲೆ ಹೋಳು ಎತ್ತಿಕೊಂಡು ಹೆರೆಯತೊಡಗಿದಳು. ಕಾಯಿ ಮುಗಿದು ಕರಟದ ಕಪ್ಪು ತಟ್ಟೆಗೆ ಉದುರುವವರೆಗೂ ಹೆರೆದಳು.

*

ಬೆಳಿಗ್ಗೆ ಹತ್ತೂವರೆಗೆ ಸಿಹಿಗುಂಬಳ ಕುದಿಯುತ್ತಿತ್ತು. ರಮ್ಯಲತಾ ಕರಟಕ್ಕೆ ಕೈ ಹಾಕಿ ಒಂದು ಮುಷ್ಟಿ ತೆಗೆದು ಪಾತ್ರೆಯ ಮೇಲೆ ಹಿಡಿದಳು. ದೊಡ್ಡದಾಯಿತು ಅನ್ನಿಸಿತು. ಕಿರುಬೆರಳು ಸಡಿಲಿಸಿ ಒಂದಿಷ್ಟನ್ನು ಕರಟಕ್ಕೇ ಬಿಟ್ಟಳು. ಇನ್ನೂ ಒಂದಿಷ್ಟು ಬಿಟ್ಟಳು. ಉಳಿದದ್ದನ್ನು ಹಾಕಿ ಕಲಕಿದಳು. ಸೌಟು ತಾನಾಗಿಯೇ ಬಾಯಿಯ ಕಡೆ ಬಂತು. ಅದನ್ನು ಗೋಡೆಯ ಮೊಳೆಗೆ ನೇತುಹಾಕಿ ಪಾತ್ರೆಗೆ ಮುಚ್ಚಳ ಮುಚ್ಚಿದಳು.

ಹೊರಗೆ ವಿಮಲಸೇನ ಭಿಕ್ಷುಗಳ ಕಾಲಿಗೆ ನೀರು ಹಾಕುತ್ತಿದ್ದ.

ಮೂವರೂ ತಲೆ ತಗ್ಗಿಸಿ ಉಂಡರು. ಬಾಗಿಲ ಮರೆಯಲ್ಲಿ ನಿಂತು ರಮ್ಯಲತಾ ಮೂವರ ಮುಖವನ್ನೂ ನೋಡಿದಳು. ಯಾವ ಮುಖದಲ್ಲೂ ಏನೂ ಬರೆದಿರಲಿಲ್ಲ. ಪುಣ್ಯ ಹಂಚಿ, ಹರಸಿ, ಅವರು ಹೊರಟರು.

ಆಮೇಲೆ ಮನೆಯವರ ಪಂಕ್ತಿ. ಮೊದಲು ಬಡಿಸಿಕೊಂಡವಳು ಎಮಲಿನ್. ಅನ್ನಕ್ಕೆ ಸಿಹಿಗುಂಬಳ ಕಲಸಿ ಮೊದಲ ತುತ್ತು ಬಾಯಿಗಿಟ್ಟಳು. ಕಿರಿಬಂಡಾ ಮಾವ ತುತ್ತು ಎತ್ತದೆ ಅವಳನ್ನೇ ನೋಡುತ್ತಿದ್ದ.

“ಹೇಗಿದೆ ಉಪ್ಪು?”

ಎಮಲಿನ್ ನಿಧಾನವಾಗಿ ಅಗಿದು ನುಂಗಿದಳು.

“ಪೊಡಿಹಾಮೀದೇ ಕೈ,” ಎಂದಳು, ಅಂಗಳದಲ್ಲಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ. “ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿ ಇಲ್ಲ. ಸುಮ್ಮನೆ ಉಣ್ಣಿ.”

ಎಲ್ಲರೂ ಎಲೆಗೆ ಬಾಗಿದರು. ಮಾವ ಒಂದು ತುತ್ತು ಉಂಡು ಅವಳ ಕಡೆ ನೋಡಿದ, ಮತ್ತೆ ಎಲೆಗೆ ಬಾಗಿದ.

ಅನ್ನದ ಪಾತ್ರೆ ಹಿಡಿದು ಬಂದ ರಮ್ಯಲತಾ ಬಾಗಿಲಲ್ಲೇ ನಿಂತಳು. ಎಮಲಿನ್ ಎಡಗೈಯನ್ನು ಬೆನ್ನ ಹಿಂದಿನಿಂದ ಅಡುಗೆಮನೆಯ ಹೊಸಿಲ ಬಳಿಯಿದ್ದ ಉಪ್ಪಿನ ಕರಟದವರೆಗೆ ಚಾಚಿ, ಒಂದು ಚಿಟಿಕೆ ತೆಗೆದು, ಎಲೆಯ ಅಂಚಿನಲ್ಲಿ ಅನ್ನದಡಿಗೆ ಸೇರಿಸುತ್ತಿದ್ದಳು.