ಹೆರಿಗೆಯ ಕೋಡ್

"ಕಣ್ಣು ತಲೇಲಿದ್ಯೋ ಹಿಮ್ಮಡೀಲಿದ್ಯೋ? ಏಯ್, ಹನ್ನೊಂದನೇ ಸೀಟು, ನಿನ್ನೇ ಕೇಳ್ತಿರೋದು! ಎದ್ದು ನಿಂತ್ಕೋ!"

ತರಬೇತುದಾರ ಕಿರುಚಿದಾಗ ಅವಳು ಮೇಜಿನ ಅಂಚು ಹಿಡಿದು ಮೆಲ್ಲಗೆ ಎದ್ದಳು. ಸೊಂಟದ ಕೆಳಗೆ ನೋವು ಇನ್ನೂ ಹಸಿಯಾಗಿತ್ತು. ಅವಳ ಉತ್ತರವನ್ನು ಅವನು ಆಗಲೇ ಗೋಡೆಯ ಪರದೆಗೆ ಎತ್ತಿ ಹಾಕಿದ್ದ. ಅದರ ಸುತ್ತ ಕೆಂಪು ಚೌಕ.

ಆ ಕೋಣೆಯಲ್ಲಿದ್ದವರೆಲ್ಲ ಆಸ್ಪತ್ರೆಯ ಬಾಗಿಲು ತುಳಿಯದೆ ಆಸ್ಪತ್ರೆಯ ಕೆಲಸ ಮಾಡುವವರು. ಎಲ್ಲೋ ಯಾರದೋ ಹೊಟ್ಟೆ ಕೊಯ್ದ ವೈದ್ಯರ ವರದಿ ಓದಿ, ಕೊಯ್ದದ್ದಕ್ಕೆ, ತೆಗೆದದ್ದಕ್ಕೆ, ಹೊಲಿದದ್ದಕ್ಕೆ ತಕ್ಕ ಕೋಡ್ ಹಾಕಬೇಕು. ಅದನ್ನು ನೋಡಿಯೇ ವಿಮೆಯವರು ಬಿಲ್ಲು ಒಪ್ಪುವುದು. ಇಷ್ಟು ದಿನ ಜ್ವರ, ಕೆಮ್ಮಿನ ಕೋಡ್ ಹಾಕುತ್ತಿದ್ದವರನ್ನು ಈಗ ಶಸ್ತ್ರಚಿಕಿತ್ಸೆಗೆ ಪಳಗಿಸುತ್ತಿದ್ದರು. ಪಳಗಿದವರು ಉಳಿಯುತ್ತಾರೆ, ಮಿಕ್ಕವರು ಮನೆಗೆ. ಅವಳ ಗಂಡ ಗೋಡೆಗೆ ಬಣ್ಣ ಬಳಿಯುವವನು, ಸಾರುವೆಯಿಂದ ಬಿದ್ದು ಹಾಸಿಗೆ ಹಿಡಿದಿದ್ದ. ಮನೆಯ ಒಲೆ ಉರಿಯುತ್ತಿದ್ದುದು ಈ ಕುರ್ಚಿಯಿಂದಲೇ.

"ವರದಿಯಲ್ಲಿ ಏನಿದೆ, ಓದು."

ಅವಳು ಓದಿದಳು. ಮೂರನೇ ತಿಂಗಳ ಬಸಿರು. ತಾನಾಗಿ ಅರ್ಧ ಜಾರಿತ್ತು. ಉಳಿದದ್ದನ್ನು ಕೆರೆದು ತೆಗೆಯಲಾಯಿತು.

"ನೀನು ಹಾಕಿರೋ ಕೋಡ್ ಯಾವುದರದ್ದು?"

"ಹೆರಿಗೇದು."

"ಹೆರಿಗೆಯಂತೆ!" ಅವನು ಎಲ್ಲರತ್ತ ತಿರುಗಿದ. "ಕೇಳಿಸ್ತೇನ್ರಪ್ಪಾ? ತಾಯಿ ಮಗು ಚೆನ್ನಾಗಿದ್ದಾರಂತೆ. ಚಾಕ್ಲೇಟ್ ಹಂಚ್ರೋ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪಕ್ಕದ ಸೀಟಿನ ಗೆಳತಿ, ಎಲ್ಲರೂ ಸೋಡಾಬುಡ್ಡಿ ಎಂದು ಕರೆಯುತ್ತಿದ್ದವಳು, ಮಾತ್ರ ದಪ್ಪ ಕನ್ನಡಕ ತೆಗೆದು ಒರೆಸತೊಡಗಿದಳು.

ಹೋದ ವಾರ ತರಬೇತಿಯ ಪರೀಕ್ಷೆಯ ನಡುವೆ ಹನ್ನೊಂದನೇ ಸೀಟಿನವಳು ಕೈ ಎತ್ತಿದ್ದಳು. "ಸಾರ್, ಹೊಟ್ಟೆ ತುಂಬಾ ನೋಯ್ತಿದೆ. ಹೊರಗೆ ಹೋಗ್ಬೇಕು."

"ಸೀಟು ಬಿಟ್ರೆ ಸೊನ್ನೆ. ನಿಮ್ಮ ಹೆಂಗಸರದ್ದು ಯಾವಾಗ್ಲೂ ಇದ್ದದ್ದೇ. ಬಿಗಿ ಹಿಡ್ಕೊಂಡು ಕೂತ್ಕೋ."

ಅವಳು ಬಿಗಿ ಹಿಡಿದು ಕುಳಿತಳು. ಯಾರದೋ ಪಿತ್ತಕೋಶಕ್ಕೆ, ಯಾರದೋ ಮುರಿದ ಮೊಣಕಾಲಿಗೆ ಕೋಡ್ ಹಾಕಿದಳು. ಕುರ್ಚಿ ಒದ್ದೆಯಾಗುತ್ತಿದ್ದುದು ಗೊತ್ತಾಗುತ್ತಿತ್ತು. ಪರೀಕ್ಷೆ ಮುಗಿದಾಗ ಸೋಡಾಬುಡ್ಡಿ ತನ್ನ ಶಾಲನ್ನು ಅವಳ ಸೊಂಟಕ್ಕೆ ಸುತ್ತಿ, ಯಾರಿಗೂ ಕಾಣದಂತೆ ಬೆನ್ನಿಗಂಟಿಕೊಂಡೇ ನಡೆದಳು. ನೆಲ ಒರೆಸುವ ಅಮ್ಮ ಒಂದು ಮಾತೂ ಕೇಳದೆ ಕುರ್ಚಿ ತೊಳೆದು, ಎಲ್ಲಿಂದಲೋ ಬಿಸಿನೀರು ತಂದುಕೊಟ್ಟಳು.

"ಸ್ವಲ್ಪ ಮುಂಚೆ ಬಂದಿದ್ರೆ ಮಲಗಿಸಿ ಬಸಿರು ಉಳಿಸೋಕೆ ನೋಡ್ಬಹುದಿತ್ತಮ್ಮಾ," ಎಂದಿದ್ದರು ಆಸ್ಪತ್ರೆಯಲ್ಲಿ ಡಾಕ್ಟರು.

ಮನೆಯಲ್ಲಿ ಗಂಡ ಗೋಡೆಯತ್ತ ಹೊರಳಿ ಮಲಗಿದ. ಹೆಚ್ಚು ದಿನ ತಪ್ಪಿಸಿಕೊಂಡರೆ ತಂಡದಿಂದ ತೆಗೆಯುತ್ತಾರೆಂದು ಅವಳು ಬೇಗನೆ ಮರಳಿದಳು. ಇವತ್ತು ಆ ವರದಿ ತೆರೆದುಕೊಂಡಾಗ ಸರಿಯಾದ ಕೋಡ್ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಬೆರಳುಗಳು ಇನ್ನೊಂದನ್ನು ಒತ್ತಿದವು. ಒತ್ತಿದ ಮೇಲೆ ಅಳಿಸಲು ಮನಸ್ಸಾಗಲಿಲ್ಲ.

"ತಿದ್ದು," ಎಂದ ಅವನು. "ಗಟ್ಟಿಯಾಗಿ ಹೇಳ್ತಾ ತಿದ್ದು. ಅಲ್ಲೀತನಕ ಯಾರಿಗೂ ಊಟ ಇಲ್ಲ."

"ತಿದ್ದಿಬಿಡೇ ಮಾರಾಯ್ತಿ, ಹೊಟ್ಟೆ ಚುರುಗುಟ್ತಿದೆ," ಎಂದಿತು ಹಿಂದಿನ ಸಾಲು.

ಸೋಡಾಬುಡ್ಡಿ ತಡೆಯಲಾರದೆ ಎದ್ದಳು. "ಸಾರ್, ಅವಳಿಗೆ ಹೋದ ವಾರ..."

"ನೀನು ಸುಮ್ನಿರೇ. ನಾನೇ ಹೇಳ್ತೀನಿ." ಅವಳು ಗೆಳತಿಯನ್ನು ಕೂರಿಸಿ ತರಬೇತುದಾರನನ್ನು ನೇರ ನೋಡಿದಳು. "ಹೊರಗೆ ಬಿಡಿ ಅಂತ ಕೈ ಎತ್ತಿದ್ನಲ್ಲ ಸಾರ್. ಅವತ್ತು ನನ್ನ ಮಗು ಹೋಯ್ತು. ಇದೇ ಕುರ್ಚಿ ಮೇಲೆ."

ತರಬೇತುದಾರ ರಜೆ ಚೀಟಿಗಳ ಕಟ್ಟು ತಿರುವಿ ಅವಳದನ್ನು ಎತ್ತಿ ಹಿಡಿದ.

"ಅದೆಲ್ಲಾ ಎಲ್ಲಿ ಬರ್ದಿದೆ? ನಿನ್ನ ರಜೆ ಚೀಟೀಲಿ ಹೊಟ್ಟೆನೋವು ಅಂತಿದೆ. ಮೊದಲ್ನೇ ದಿನವೇ ಹೇಳಿಕೊಟ್ಟಿಲ್ವಾ? ಬರೀದೇ ಇದ್ದದ್ದು ನಡೆದೇ ಇಲ್ಲ. ಈಗ ತಿದ್ದು."

"ತಿದ್ದಲ್ಲ."

"ಏನಂದೆ, ದರಿದ್ರ ಮುಂಡೇದೇ? ಕೆಲಸ ಬೇಕೋ ಬೇಡ್ವೋ?"

"ಬೇಕು. ಆದ್ರೆ ಇದನ್ನ ತಿದ್ದಲ್ಲ. ಒಂದ್ಸಲ ಹೋದ ಮಗೂನ ನನ್ನ ಕೈಯಾರೆ ಇನ್ನೊಂದ್ಸಲ ತೆಗೀಲಾರೆ. ಧೈರ್ಯ ಇದ್ರೆ ನೀನೇ ಬಂದು ತೆಗಿಯೋ, ಹಲ್ಕಾ ನನ್ಮಗನೇ."

ಅವನು ದಡದಡ ಬಂದ. ಅವಳು ಕೀಲಿಮಣೆಯ ತಂತಿ ಕಿತ್ತು, ಮಣೆಯನ್ನು ಎರಡೂ ತೋಳಲ್ಲಿ ಹೊಟ್ಟೆಗೆ ಒತ್ತಿಕೊಂಡು ಕುಳಿತಳು. ಅವನು ಕೈ ಚಾಚಿದ. ಆ ಕೈಗೂ ಅವಳಿಗೂ ನಡುವೆ ಸೋಡಾಬುಡ್ಡಿ ತನ್ನ ಕುರ್ಚಿಯನ್ನು ಕರಕರನೆ ಎಳೆದುಕೊಂಡು ಬಂದು ಕುಳಿತಳು.