ಹುಲಿಗೆವ್ವನ ಹರಿಗೋಲು

ನಾನು ಒಂದು ಹರಿಗೋಲು. ಮೇದಾರರು ಹಸಿ ಬಿದಿರು ಸೀಳಿ ನನ್ನನ್ನು ದೊಡ್ಡ ಬುಟ್ಟಿಯಂತೆ ಹೆಣೆದರು. ಹೊಟ್ಟೆಗೆ ಗೋಣಿ ಹೊದಿಸಿ ಬಿಸಿ ಡಾಂಬರು ಬಳಿದರು. ಅದು ಒಣಗಿದ ಮೇಲೆ ಅಂಬಿಗ ಜಂಬಯ್ಯ ನನ್ನನ್ನು ತಲೆಯ ಮೇಲೆ ಬೋರಲು ಹೊತ್ತು ತುಂಗಭದ್ರೆಗೆ ತಂದ. ನೀರು ಮೊದಲ ಸಲ ತಾಗಿದಾಗ, ಯಾರೋ ನನ್ನನ್ನು ಅಂಗೈಯಲ್ಲಿ ಎತ್ತಿಕೊಂಡಂತಾಯಿತು.

ಜಂಬಯ್ಯ ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದ. ಅವನ ಹೆಂಡತಿ ಹುಲಿಗೆವ್ವ ಮಧ್ಯಾಹ್ನ ಬುತ್ತಿ ತಂದು, ಅವನ ಊಟ ಮುಗಿಯುವವರೆಗೆ ನನ್ನ ಅಂಚಿಗೊರಗಿ ಕೂರುತ್ತಿದ್ದಳು. ಒಂದು ಬೇಸಿಗೆಯಲ್ಲಿ ಅವನು ಜ್ವರ ಬಂದು ತೀರಿಕೊಂಡ. ನಾನು ದಡದಲ್ಲೇ ಉಳಿದೆ.

ಕೆಲವು ವಾರ ಕಳೆದ ಮೇಲೆ ಹುಲಿಗೆವ್ವ ಒಬ್ಬಳೇ ಬಂದಳು. ಅವಳ ಎದೆ ಡವಗುಟ್ಟುತ್ತಿತ್ತು, ಬೆರಳು ನಡುಗುತ್ತಿದ್ದವು. ಗಂಡ ಹೋದಾಗಿನಿಂದ ಮನೆಯೊಳಗೆ ಕೂತರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ನನ್ನನ್ನು ನೀರಿಗೆ ನೂಕಿ, ಹತ್ತಿ ಕೂತು, ಹುಟ್ಟು ಹಾಕತೊಡಗಿದಳು. ಪಳಗದ ಕೈ. ನಾನು ನಿಂತಲ್ಲೇ ಗಿರಗಿರ ತಿರುಗಿದೆ. ಬಂಡೆ, ಬಾಳೆತೋಟ, ಆಕಾಶ, ಮತ್ತೆ ಬಂಡೆ. ಅವಳು ನಿಲ್ಲಿಸಲಿಲ್ಲ. ಬೆವರಿಳಿಯಿತು, ತೋಳು ಸೋತಿತು. ಅವಳ ಉಸಿರು ಮೆಲ್ಲಗೆ ಹುಟ್ಟಿನ ಲಯಕ್ಕೆ ಹೊಂದಿಕೊಂಡಿತು. ಆಮೇಲೆ ನನ್ನನ್ನು ಬಂಡೆಗೆ ಕಟ್ಟಿ, ನನ್ನೊಳಗೇ ಮುದುಡಿ ನಿದ್ದೆಹೋದಳು.

ಅಂದಿನಿಂದ ದಿನವೂ ಬಂದಳು. ನೇರ ಸಾಗುವುದನ್ನು ಕಲಿತಳು.

ಅವಳ ಮೈದುನ ತಿಪ್ಪಣ್ಣ ಅಕ್ಕಿ ಗಿರಣಿಯಲ್ಲಿ ದುಡಿಯುವವನು. ಅವನಿಗೆ ಇದು ಸರಿಬರಲಿಲ್ಲ.

“ಅತ್ತಿಗಿ, ಹಿಂಗ ಕೈ ನಡುಗುವಾಗ ಹೊಳಿಗೆ ಇಳೀಬ್ಯಾಡ್ರಿ. ಏನಾರ ಆದ್ರ ನಾ ಏನ್ಮಾಡ್ಲಿ?”

ನನ್ನನ್ನು ಆಚೆ ದಡದ ಮೀನುಗಾರನೊಬ್ಬನಿಗೆ ಕೊಡುವುದೆಂದು ಅವನು ಮಾತಾಡಿ ಬಂದ. ಹುಲಿಗೆವ್ವ ಹುಟ್ಟನ್ನು ಎತ್ತಿಕೊಂಡಳು.

“ಆತು. ಆದ್ರ ಮುಟ್ಟಿಸೋತನಕ ಹುಟ್ಟು ನನ್ನ ಕೈಯಾಗ ಇರ್ಲಿ,” ಎಂದಳಷ್ಟೆ.

ಇಬ್ಬರೂ ನನ್ನನ್ನು ಹತ್ತಿ ಆಚೆ ದಡಕ್ಕೆ ಹೊರಟರು. ನಡುಹೊಳೆಯಲ್ಲಿ ಗಾಳಿ ಎದ್ದಿತು. ಅಲೆಗಳು ಒಳಗೆ ಸಿಡಿದವು. ತಿಪ್ಪಣ್ಣ ಎರಡೂ ಕೈಯಿಂದ ನನ್ನ ಅಂಚನ್ನು ಬಿಗಿಯಾಗಿ ಹಿಡಿದ.

“ಅತ್ತಿಗಿ, ಮುಳುಗತೈತಿ!”

ಹುಲಿಗೆವ್ವನ ಬೆರಳುಗಳೂ ನಡುಗತೊಡಗಿದ್ದವು. ಆದರೂ ಹುಟ್ಟು ನಿಲ್ಲಲಿಲ್ಲ.

“ಸುಮ್ನ ಕುಂದ್ರಬ್ಯಾಡ ತಿಪ್ಪಣ್ಣ. ಆ ತಂಬಿಗಿ ತಗೋ, ನೀರು ಹೊರಗ ಚೆಲ್ಲು. ಚೆಲ್ಲಿಕೋತ ಇರು. ಕೈ ಆಡಿದ್ರ ಅಂಜಿಕಿ ಇಳೀತೈತಿ.”

ಅವನು ಚೆಲ್ಲಿದ. ಅವಳು ಒಮ್ಮೆ ಹುಟ್ಟು ಎಳೆದರೆ ಅವನು ಒಮ್ಮೆ ತಂಬಿಗೆ ಎತ್ತಿದ. ಬಿಗಿದಿದ್ದ ಅವನ ದವಡೆ ಸಡಿಲವಾಯಿತು. ಗಾಳಿಯ ನಡುವೆ ನಾವು ಮೂವರೂ ಒಂದೇ ಲಯದಲ್ಲಿ ತೂಗುತ್ತಾ ದಡ ಸೇರಿದೆವು.

ಮೀನುಗಾರ ಅಲ್ಲಿ ಕಾಯುತ್ತಿದ್ದ. ತಿಪ್ಪಣ್ಣ ಮರಳಲ್ಲಿ ಕೂತು ಒದ್ದೆ ಪಂಚೆ ಹಿಂಡಿದ.

“ತಪ್ಪು ತಿಳೀಬ್ಯಾಡಪ್ಪ, ಹರಿಗೋಲು ಕೊಡೋದಿಲ್ಲ,” ಎಂದ. “ನಮ್ಮ ಅತ್ತಿಗಿಗೆ ಬೇಕು.”

ಹುಲಿಗೆವ್ವ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಬಹಳ ವರ್ಷ ಅವಳೇ ಜನರನ್ನು ದಾಟಿಸಿದಳು. ನನ್ನ ಬಿದಿರು ಸಡಿಲಾಯಿತು, ಡಾಂಬರು ಬಿರಿಯಿತು. ಈಗ ಹೊಂಗೆ ಮರದ ಕೆಳಗೆ ಬೋರಲಾಗಿ ಮಲಗಿದ್ದೇನೆ. ಉದುರುವ ಹೂವಿನಡಿಯಲ್ಲಿ ಸದಾ ಮಂಪರು. ಅವಳಿಗೀಗ ಹೊಸ ಹರಿಗೋಲು ಇದೆ. ಎದೆಯ ಡವಗುಟ್ಟುವಿಕೆ ಪೂರ್ತಿ ಹೋಗಿಲ್ಲ. ಕೆಲವು ಬೆಳಗು ಅದು ಅವಳ ಜೊತೆಗೇ ದಡಕ್ಕೆ ಬರುತ್ತದೆ. ಆಗ ಅವಳ ಹುಟ್ಟಿನ ಸದ್ದು ಮೊದಲು ಅವಸರವಾಗಿ ಕೇಳುತ್ತದೆ, ಬರಬರುತ್ತಾ ನಿಧಾನವಾಗುತ್ತದೆ. ಅದು ನಿಧಾನವಾಗುವವರೆಗೂ ನಾನು ಎಚ್ಚರವಾಗಿರುತ್ತೇನೆ.