ಕುಂತದ್ದಕ್ಕ ಹೋದ ನೋವು, ಬೀಡಿಗೆ ಬಂದ ಹೆಸರು

ಅಪ್ಪನ ಬಲಗಾಲು ಎಡಗಾಲಿಗಿಂತ ತಣ್ಣಗಿದೆ. ಎಣ್ಣೆ ಹಚ್ಚುವಾಗ ಸುಮಾಳ ಕೈಗೆ ಅದು ತಿಳಿದಿತ್ತು. ಡಿಗ್ರಿ ಮುಗಿಸಿದ ಹುಡುಗಿ, ಆದರೆ ಮನೆಯಲ್ಲಿ ಬಾಯಿ ಬಿಡಬೇಕೆಂದರೆ ನಾಲಿಗೆ ಅಂಟಿಕೊಳ್ಳುತ್ತಿತ್ತು. ಹೇಳಿದರೆ ಬೈತಾನೆ, ಹೇಳದಿದ್ದರೆ? ತನ್ನನ್ನು ತಾನೇ ಕೇಳಿಕೊಂಡು ಸುಮ್ಮನಾಗುತ್ತಿದ್ದಳು.

ಅಪ್ಪ ರಾಮಲಿಂಗಪ್ಪ ಇಳಕಲ್ಲಿನ ನೇಕಾರ. ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ತುಳಿಯುವವ. ಸ್ವಲ್ಪ ತುಳಿದರೆ ಸಾಕು, ಮೀನಖಂಡ ಹಿಡಿಯುತ್ತಿತ್ತು. ಮಗ್ಗ ನಿಲ್ಲಿಸಿ ಬೀಡಿ ಹಚ್ಚುವನು. ಬೀಡಿ ಮುಗಿಯುವುದರೊಳಗೆ ನೋವು ಮಾಯ.

"ನೋಡಿದ್ರ್ಯಾ? ಕುಣಿ ಥಂಡಿಗೆ ಬೀಡೀನ ಔಷಧ."

"ಹಂಗಾರ ದವಾಖಾನಿ ಮುಚ್ಚಿ ಬೀಡಿ ಅಂಗಡಿ ತೆರೀರಿ ಅಂತ ಸರಕಾರಕ್ಕ ಹೇಳ್ರಿ!" ಹೆಂಡತಿ ರತ್ನವ್ವ ತಲೆ ಚಚ್ಚಿಕೊಂಡಳು. "ಹೇಳಿ ಹೇಳಿ ನನ್ನ ಗಂಟಲ ಹರೀತು. ಕಾಲ ಹೆಬ್ಬೆರಳಿನ ಗಾಯ ಹಬ್ಬ ಕಳದ್ರೂ ಮಾಯ್ದಿಲ್ಲ."

ಅವಳೇ ಹೋಗಿ ಆಶಾ ಕಾರ್ಯಕರ್ತೆ ಗುಲಾಬಬಿಯನ್ನು ಕರೆತಂದಳು. ಗುಲಾಬಬಿ ಗಾಯ ನೋಡಿದಳು, ಪಾದ ಮುಟ್ಟಿದಳು.

"ಕಾಕಾ, ಇದು ಬರೇ ಥಂಡಿ ಅಲ್ರಿ. ಬೀಡಿ ಹೊಗಿ ರಕ್ತನಾಳದ ಒಳಮೈ ಕೆಡಸ್ತೈತಿ. ಅಲ್ಲಿ ಜಿಡ್ಡು ಕೂಡಿ ನಾಳ ಸಣ್ಣ ಆಗ್ತೈತಿ. ಕಾಲಿಗೆ ರಕ್ತ ಸಾಲೂದಿಲ್ಲ. ತುಳದ್ರ ನೋವು, ಗಾಯ ಆದ್ರ ಮಾಯೂದಿಲ್ಲ. ಹಿಂಗ ಬಿಟ್ರ ಕಾಲ ತಗೀಬೇಕಾಗಬಹುದು. ಎದಿ, ಮಿದುಳಿನ ನಾಳಕ್ಕೂ ಇದ ಗತಿ."

"ನಮ್ಮಪ್ಪ ಸಾಯೂತನಕ ಸೇದಿದ್ದ!"

"ಸತ್ತದ್ದು ಏನಾಗಿ, ಅದನ್ನೂ ಹೇಳ್ರಲ್ಲ," ಎಂದಳು ರತ್ನವ್ವ.

"ಎದಿ ಹಿಡಕೊಂಡು." ರಾಮಲಿಂಗಪ್ಪನ ದನಿ ಇಳಿಯಿತು. ಮರುಕ್ಷಣ ಮತ್ತೆ ಏರಿತು. "ಅದಿರ್ಲಿ. ಸೇದಿದ ಕೂಡ್ಲೆ ನೋವು ಯಾಕ ಹೋಗ್ತೈತಿ? ಅದಕ್ಕ ಉತ್ತರಾ ಕೊಡ್ರಿ!"

ಉತ್ತರ ಬಂದದ್ದು ನೂಲು ಸುತ್ತುತ್ತಿದ್ದ ಮೂಲೆಯಿಂದ.

"ಅಪ್ಪಾ, ಮೊನ್ನೆ ಕಡ್ಡಿಪೆಟ್ಟಿಗಿ ತೊಯ್ದಿತ್ತು. ನೀ ಬೀಡಿ ಹಚ್ಚಲಾರದ ಸುಮ್ಮನ ಕುಂತಿದ್ದಿ. ಆಗೂ ನೋವು ಹೋತು. ಕಾಲಿಗೆ ಬೇಕಾದದ್ದು ವಿಶ್ರಾಂತಿ, ಹೆಸರು ಬೀಡಿಗೆ. ನಿನ್ನ ಕಾಲು ತಣ್ಣಗಾಗೈತಿ. ನನಗ ಅಂಜಿಕಿ ಆಗೈತಿ."

ಸುಮಾಳ ಇಷ್ಟು ಮಾತನ್ನು ಆ ಮನೆ ಎಂದೂ ಕೇಳಿರಲಿಲ್ಲ. ರಾಮಲಿಂಗಪ್ಪ ಕಿವಿಯ ಮೇಲಿನ ಬೀಡಿ ತೆಗೆದು ಗುಲಾಬಬಿಯ ಕೈಗಿಟ್ಟ. "ನಡೀರಿ ದವಾಖಾನಿಗೆ. ಬಿಡೂದು ಹೆಂಗಂತ ಡಾಕ್ಟರನ್ನ ಕೇಳೂಣು."

"ಇಷ್ಟ ವರ್ಷ ನಾ ಹೇಳಿದ್ದು ಗ್ವಾಡಿಗೆ!" ಎನ್ನುತ್ತಲೇ ರತ್ನವ್ವ ಅವನ ಚಪ್ಪಲಿ ತಂದಿಟ್ಟಳು.

ನಿಮ್ಮ ಮನೆಯಲ್ಲೂ ಕಾಲು ನೋವೆಂದು ಕುಳಿತು ಬೀಡಿ ಹಚ್ಚುವವರು ಇದ್ದಾರೆಯೇ? ಅವರ ಪಾದ ಮುಟ್ಟಿ ನೋಡಿ, ವೈದ್ಯರಿಗೆ ತೋರಿಸಿ, ಬೀಡಿ ಬಿಡಿಸಿ. ಗೊತ್ತಿದ್ದೂ ಸುಮ್ಮನಿರಬೇಡಿ, ಇಂದೇ ಹೇಳಿ.